ಮನ್ಯಾಗ ಕಲಿಸೋರಿಗೆ ಒಂದು ಮಾತು, ಬೈಯೋರಿಗೆ ಎರಡು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತೇವೆ ಅಂತ ನಮ್ಮ ಪೈಕಿ ಯಾರಾದರೂ ಬಾಯಿಬಿಟ್ಟು ಹೇಳಲಿ, ಆಮೇಲೆ ನೋಡಿ ಮಜಾ. ಬೀದರ್‌ನ ಮಂಗಲಪೇಟೆ ಆದರೇನು, ಭಾಲ್ಕಿ ಆದರೇನು, ಔರಾದ ತಾಲೂಕಿನ ಒಂದು ಸಣ್ಣ ಹಳ್ಳಿ ಆದರೇನು, ಆಗೋದು ಒಂದೇ. ಮೊದಲು ಬೀಗರು ಬರುತ್ತಾರೆ: "ಹುಡುಗನ ಜಿಂದಗಿ ಬರ್ಬಾದ್ ಮಾಡ್ಲತ್ತೀರಿ ನೋಡ್ರಿ." ಆಮೇಲೆ ಓಣಿಯವರು: "ನೀ ಏನ್ ಟೀಚರ್ ಇದ್ದಿ ಏನವಾ?" ಕಡೆಗೆ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುತ್ತಾರೆ: "ನಮ್ಮ ಮಂದಿ ಸಾಲಿ ಕಲ್ತೇ ಮ್ಯಾಲ ಬಂದಾರ. ನೀವು ಹಿಂದಕ ಹೊಂಟೀರಿ."

ಬೀಗರಿಗೂ ಓಣಿಯವರಿಗೂ ನಕ್ಕು ಚಹಾ ಕೊಟ್ಟು ಕಳಿಸಬಹುದು. ಈ ಹಿರಿಯರಿಗೆ ಹಂಗೆ ಮಾಡಲಿಕ್ಕೆ ಬರೋದಿಲ್ಲ. ಅವರ ಮಾತಿನಲ್ಲಿ ನಮ್ಮ ಅಜ್ಜ-ಮುತ್ತಜ್ಜಂದಿರ ಬದುಕು ಇದೆ. ಅಕ್ಷರ ಮುಟ್ಟಬಾರದು ಅಂತ ಊರ ಹೊರಗೆ ಕೂಡಿಸಿದ್ದ ಮಂದಿಗೆ ಮಿಷನ್ ಶಾಲೆ, ಬೋರ್ಡಿಂಗು ಬಾಗಿಲು ತೆರೆದವು. ಬೀದರ್‌ನಲ್ಲಿ ಇವತ್ತಿಗೂ ನಾರ್ಮಾ ಫೆಂಡ್ರಿಕ್ ಹೆಸರಿನ ಶಾಲೆ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ನರ್ಸು, ಮೊದಲ ಮಾಸ್ತರ, ಮೊದಲ ಗುಮಾಸ್ತ ಹುಟ್ಟಿದ್ದು ಅಂಥ ಶಾಲೆಗಳ ಬೆಂಚಿನ ಮೇಲೆ. ಆ ಋಣ ಮರೆತು ಮಾತಾಡುವವರ ಮಾತನ್ನು ನಾನೂ ಕೇಳೋದಿಲ್ಲ.

ಹಾಗಾದರೆ ಮನೆಯಲ್ಲಿ ಕಲಿಸುವವರು ಆ ಋಣಕ್ಕೆ ದ್ರೋಹ ಮಾಡುತ್ತಿದ್ದಾರಾ? ಇಲ್ಲ ಅನ್ನೋದು ನನ್ನ ವಾದ. ಆದರೆ ಒಂದು ಶರತ್ತಿದೆ. ಕಲಿಸುವ ಕೆಲಸ ನಿಜಕ್ಕೂ ನಡೆಯಬೇಕು, ಬಾಗಿಲು ತೆರೆದಿಟ್ಟುಕೊಂಡು ನಡೆಯಬೇಕು. ಈ ಶರತ್ತು ಪೂರೈಸುವ ತಂದೆತಾಯಿಗೆ ನಾನು ಬೆನ್ನು ತಟ್ಟುತ್ತೇನೆ. ಪೂರೈಸದವರ ಜೊತೆ ಜಗಳಕ್ಕೂ ನಿಲ್ಲುತ್ತೇನೆ. ಎರಡನ್ನೂ ಇಲ್ಲೇ ಮಾಡಿ ಮುಗಿಸ್ತೀನಿ.

ಮೊದಲು ಹಿರಿಯರ ಹತ್ತಿರವೇ ಹೋಗೋಣ. ನಾವು ಮೆಥೋಡಿಸ್ಟರು ಅಂತ ಎದೆ ಮುಟ್ಟಿಕೊಂಡು ಹೇಳುತ್ತೇವಲ್ಲ, ಆ ಮೆಥೋಡಿಸ್ಟ್ ಅನ್ನುವುದರ ಮೂಲಪುರುಷ ಜಾನ್ ವೆಸ್ಲಿ ಅಕ್ಷರ ಕಲಿತದ್ದು ಎಲ್ಲಿ? ಇಂಗ್ಲೆಂಡಿನ ಎಪ್‌ವರ್ತ್ ಅನ್ನುವ ಊರಿನ ತನ್ನ ಮನೆಯಲ್ಲಿ, ತಾಯಿ ಸುಸಾನಾ ಹತ್ತಿರ. ಆ ತಾಯಿ ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು. ಬಹಳಷ್ಟು ಕೂಸುಗಳು ಕಣ್ಣೆದುರೇ ತೀರಿಹೋದವು. ಗಂಡ ಸಭಾಪಾಲಕ, ಆದರೆ 1705ರಲ್ಲಿ ಸಾಲ ತೀರಿಸಲಾಗದೆ ಜೈಲಿಗೆ ಹೋದವನು. 1709ರಲ್ಲಿ ಮನೆಗೇ ಬೆಂಕಿ ಬಿತ್ತು. ಸುಸಾನಾ ಕಾಲೇಜಿನ ಮುಖ ನೋಡಿದವಳಲ್ಲ, ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಎಲ್ಲಿತ್ತು? ಇಷ್ಟರ ನಡುವೆ ಮುಂಜಾನೆ ಮೂರು ತಾಸು, ಮಧ್ಯಾಹ್ನ ಮೂರು ತಾಸು ಮನೆಯಲ್ಲೇ ಶಾಲೆ ನಡೆಸಿದಳು. ಮಗುವಿಗೆ ಐದು ತುಂಬಿದ ಕೂಡಲೇ ಅಕ್ಷರಾಭ್ಯಾಸ. ವಾರಕ್ಕೊಮ್ಮೆ ಒಂದೊಂದು ಮಗುವಿನ ಜೊತೆ ಒಬ್ಬಳೇ ಕೂತು ಮಾತು. ಜಾನ್‌ನ ಪಾಳಿ ಗುರುವಾರ ಸಂಜೆ. ಇದೆಲ್ಲ ನಡೆಸಿದ ಬಗೆಯನ್ನು 1732ರಲ್ಲಿ ಮಗನಿಗೆ ಬರೆದ ಕಾಗದದಲ್ಲಿ ಅವಳೇ ವಿವರಿಸಿದ್ದಾಳೆ.

ಇದರಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಹತ್ತು ವರ್ಷವಾದಾಗ ಅದೇ ಜಾನ್‌ನನ್ನು 1714ರಲ್ಲಿ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಗೆ ಕಳಿಸಿದರು. ಮನೆಯಲ್ಲಿ ಕಲಿಸಿದವಳಿಗೆ ಶಾಲೆಯ ಮೇಲೆ ಹಗೆ ಇರಲಿಲ್ಲ. ಎರಡು, ಓದು ಚೆನ್ನಾಗಿ ಬರುವ ತನಕ ಹೆಣ್ಣುಮಕ್ಕಳನ್ನು ಹೊಲಿಗೆ ಮುಂತಾದ ಕೆಲಸಕ್ಕೆ ಹಚ್ಚಬಾರದು ಅನ್ನೋದು ಆ ಮನೆಯ ಕಾಯ್ದೆ. ಈ ಎರಡನೆಯದಕ್ಕೆ ಆಮೇಲೆ ಬರ್ತೀನಿ.

ಸತ್ಯವೇದ ಓದುವವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ಮಕ್ಕಳಿಗೆ ಕಲಿಸುವ ಕೆಲಸವನ್ನು ತಂದೆತಾಯಿಗೇ ಒಪ್ಪಿಸುತ್ತದೆ, ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ. ತಿಮೊಥೆಯನ ನಂಬಿಕೆಯ ಮೂಲ ಹುಡುಕಿದ ಪೌಲನು ಹೆಸರಿಸಿದ್ದು ಒಬ್ಬ ಅಜ್ಜಿಯನ್ನು, ಒಬ್ಬ ತಾಯಿಯನ್ನು. ನಾವು ಮಾತ್ರ ಮಕ್ಕಳ ನಂಬಿಕೆಯನ್ನು ಸಂಡೇ ಸ್ಕೂಲಿನ ಒಂದು ತಾಸಿಗೆ, ಬುದ್ಧಿಯನ್ನು ಟ್ಯೂಷನ್ ಮಾಸ್ತರಿಗೆ, ಉಳಿದ ಹೊತ್ತನ್ನು ಮೊಬೈಲಿಗೆ ಗುತ್ತಿಗೆ ಕೊಟ್ಟು ಕೂತಿದ್ದೇವೆ. ಹೀಗಿರುವಾಗ ಯಾರೋ ಒಂದು ಗಂಡ-ಹೆಂಡತಿ "ಈ ಗುತ್ತಿಗೆ ಬ್ಯಾಡ, ನಮ್ಮ ಹೊಲ ನಾವೇ ಉಳ್ತೀವಿ" ಅಂದರೆ ಅವರನ್ನು ಹುಚ್ಚರ ಸಾಲಿಗೆ ಸೇರಿಸುತ್ತೇವೆ.

ದೂರದ ಇಂಗ್ಲೆಂಡ್ ಬೇಡ, ಭಾಲ್ಕಿಯನ್ನೇ ನೋಡಿ. ನಿಜಾಮನ ಆಳ್ವಿಕೆಯಲ್ಲಿ ಇಲ್ಲಿ ಕನ್ನಡ ಕಲಿಸುವುದೇ ಕಷ್ಟವಿತ್ತು. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ನಡೆಸಿದರು ಅನ್ನೋದು ಈ ಭಾಗದ ಮಗುವಿಗೂ ಗೊತ್ತು. 1889ರಲ್ಲಿ ಕಮಲನಗರದಲ್ಲಿ ಹುಟ್ಟಿ 1999ರ ತನಕ ಬದುಕಿದ ಆ ಹಿರಿಯರು ಜೋಳಿಗೆ ಹಿಡಿದು ಬೇಡಿ ತಂದು ಮಕ್ಕಳಿಗೆ ಉಣಿಸಿ ಓದಿಸಿದರು. ಅವರ ಧರ್ಮ ಬೇರೆ, ನಮ್ಮದು ಬೇರೆ, ಇರಲಿ. ಅವರಿಂದ ನಾವು ಕಲಿಯಬೇಕಾದದ್ದು ಇದೆ: ಸರ್ಕಾರಿ ಶಾಲೆ ಕೊಡದೇ ಇದ್ದದ್ದನ್ನು ಮಕ್ಕಳಿಗೆ ಕೊಡಬೇಕು ಅನ್ನುವ ಹಟ ಇದ್ದರೆ ಕಟ್ಟಡ, ಬೋರ್ಡು, ಅನುಮತಿ ಎಲ್ಲ ಆಮೇಲಿನ ಮಾತು. ಅವರು ಅದನ್ನು ತಮ್ಮವರಿಗಷ್ಟೇ ಅಂತ ಮುಚ್ಚಿಡಲೂ ಇಲ್ಲ.

ಈಗ ಕಾನೂನು. "ಪೊಲೀಸ್ ಕೇಸ್ ಆಗ್ತದ" ಅಂತ ಹೆದರಿಸೋರು ಬಹಳ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಆರರಿಂದ ಹದಿನಾಲ್ಕು ವಯಸ್ಸಿನ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅಂತ ಅದರ 10ನೇ ಕಲಮು ಹೇಳುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಬಾರದು. ಆದರೆ ಆ ಕರ್ತವ್ಯ ತಪ್ಪಿದ ಪಾಲಕರಿಗೆ ಕಾಯ್ದೆಯಲ್ಲಿ ಶಿಕ್ಷೆ ಬರೆದಿಲ್ಲ. ಈ ವಿಷಯ ದೆಹಲಿ ಹೈಕೋರ್ಟಿನ ಮುಂದೆ ಬಂದಾಗ, ತಾವಾಗಿಯೇ ಮನೆಯಲ್ಲಿ ಕಲಿಸುವ ಪಾಲಕರಿಗೆ ಈ ಕಾಯ್ದೆ ಅಡ್ಡಿ ಬರುವುದಿಲ್ಲ ಅಂತ 2012ರಲ್ಲಿ ಕೇಂದ್ರ ಸರ್ಕಾರವೇ ಹೇಳಿತ್ತು. ಅಂದರೆ ಮನೆಶಾಲೆಗೆ ಪ್ರತ್ಯೇಕ ಕಾನೂನೂ ಇಲ್ಲ, ನಿಷೇಧವೂ ಇಲ್ಲ. ಕಳ್ಳರ ಹಾಗೆ ಅಡಗಬೇಕಿಲ್ಲ. ಬಿಇಒ ಆಫೀಸಿನಿಂದಲೋ ಹತ್ತಿರದ ಶಾಲೆಯಿಂದಲೋ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಯಾರಾದರೂ ಬಂದರೆ ಕೂಡಿಸಿ, ಮಗುವಿನ ನೋಟ್‌ಬುಕ್ಕು ಮುಂದಿಡಿ, "ಓದಿಸ್ರಿ ಸರ್, ಲೆಕ್ಕ ಹಾಕಿಸ್ರಿ" ಅನ್ನಿ. ತೋರಿಸಲಿಕ್ಕೆ ನೋಟ್‌ಬುಕ್ಕೇ ಇಲ್ಲದವರು ಹೆದರಲಿ, ಹೆದರಬೇಕಾದ್ದೇ.

ಪರೀಕ್ಷೆಯ ದಾರಿಯೂ ಇದೆ. ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್ 1989ರಿಂದ ಇದೆ. ಹದಿನಾಲ್ಕು ವರ್ಷ ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. ಹದಿನೈದು ತುಂಬಿದ ಮೇಲೆ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯುವ ಅವಕಾಶವೂ ಇದೆ. ಪಠ್ಯಪುಸ್ತಕಕ್ಕೆ ಸಾವಿರಗಟ್ಟಲೆ ಸುರಿಯಬೇಕಿಲ್ಲ, ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ.

ಒಂದು ಎಚ್ಚರಿಕೆ ಮಾತ್ರ. ನಮ್ಮ ಕಡೆ ಎಲ್ಲದಕ್ಕೂ ದಾಖಲೆ ಕೇಳುತ್ತಾರೆ, ಅದರಲ್ಲೂ ಶಾಲೆಯ ದಾಖಲೆ. ಜನ್ಮದಿನಾಂಕಕ್ಕೆ ಅದೇ, ಜಾತಿ ಪ್ರಮಾಣಪತ್ರಕ್ಕೆ ಅದೇ. ನಮ್ಮ ಮನೆಗಳಲ್ಲಿ ಜಾತಿ ಕಾಲಮ್ಮಿನ ಸಂಕಟವೇ ಬೇರೆ, ಅದು ಇನ್ನೊಂದು ಲೇಖನದ ವಿಷಯ. 371(ಜೆ) ಮೀಸಲಾತಿಗೆ ಈ ಭಾಗದಲ್ಲಿ ಹುಟ್ಟಿದ್ದು, ವಾಸವಿದ್ದದ್ದು ಕೂಡ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಜನನ ಪ್ರಮಾಣಪತ್ರ, ವಾಸದ ಕಾಗದ ಎಲ್ಲವನ್ನೂ ಮಗು ಸಣ್ಣದಿರುವಾಗಲೇ ಮಾಡಿಸಿ ಇಟ್ಟುಕೊಳ್ಳಿ. ನಮ್ಮ ನಂಬಿಕೆಯ ಹುರುಪಿಗೆ ಮಗು ಮುಂದೆ ತಹಸೀಲ್ ಆಫೀಸಿನ ಮೆಟ್ಟಿಲು ಸವೆಸಬಾರದು.

ಇಷ್ಟು ಹೊತ್ತು ಬೈಯುವವರ ಜೊತೆ ಮಾತಾಡಿದೆ. ಇನ್ನು ನಮ್ಮವರಿಗೆ.

ಮನೆಯಲ್ಲಿ ಕಲಿಸಬೇಕು ಅನ್ನುವವರನ್ನು ಯಾಕೆ ಅಂತ ಕೇಳಿದರೆ ಬರುವ ಉತ್ತರಗಳಲ್ಲಿ ಒಂದು ನನಗೆ ಸರಿ ಕಾಣೋದಿಲ್ಲ: "ಹೊರಗಿನ ಮಕ್ಕಳ ಸಂಗ ಬ್ಯಾಡ ಅಂತ." ಶಾಲೆಯಲ್ಲಿ ಮಗುವನ್ನು ಅದರ ನಂಬಿಕೆಗಾಗಿ ಚುಡಾಯಿಸಿದ್ದಾರೆ, ಅಳುತ್ತಾ ಮನೆಗೆ ಬಂದಿದೆ ಅಂದರೆ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಬೀದರ್‌ನಲ್ಲಿ ಕೋಟೆ ಈಗಾಗಲೇ ಒಂದಿದೆ, ಮನೆಗೊಂದು ಬೇಕಿಲ್ಲ. ನಮ್ಮ ಜಿಲ್ಲೆಯ ಮಗು ಬೆಳೆಯೋದು ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುವ ಓಣಿಯಲ್ಲಿ. ಎದುರು ಮನೆಯ ಲಿಂಗಾಯತ ಹುಡುಗ, ಹಿಂದಿನ ಓಣಿಯ ಮುಸಲ್ಮಾನ ಹುಡುಗಿ, ಗುರುದ್ವಾರಕ್ಕೆ ಬರುವ ಸರ್ದಾರ್ಜಿ, ಇವರ ನಡುವೆಯೇ ಅದು ನಾಳೆ ಅಂಗಡಿ ಇಡಬೇಕು, ನೌಕರಿ ಮಾಡಬೇಕು, ಓಟು ಹಾಕಬೇಕು. ಇವರನ್ನು ಕಂಡರೆ ಹೆದರುವ ಮಗುವನ್ನು ನೀವು ಮನೆಯಲ್ಲಿ ತಯಾರು ಮಾಡಿದರೆ ಅದು ನಂಬಿಕೆಯ ಸೋಲು. ನೆರೆಯವನನ್ನು ಪ್ರೀತಿಸು ಅಂತ ಕಲಿಸಬೇಕಾದರೆ ಮೊದಲು ನೆರೆಯವನು ಯಾರು ಅಂತ ಮಗುವಿಗೆ ಗೊತ್ತಿರಬೇಕಲ್ಲ.

ಇನ್ನೊಂದು ರೋಗ, ಅಮೆರಿಕದಿಂದ ಬಂದ ಪಾಠದ ಪೆಟ್ಟಿಗೆ. ಬೆಂಗಳೂರಿನಲ್ಲಿ ಯಾರೋ ತರಿಸಿಕೊಂಡರು ಅಂತ ನಮ್ಮವರೂ ಆಸೆಪಡುತ್ತಾರೆ. ಅದರಲ್ಲಿ ಹಿಮ ಬೀಳುತ್ತದೆ, ಡಾಲರಿನ ಲೆಕ್ಕ ಇರುತ್ತದೆ, ಕನ್ನಡದ ಒಂದು ಅಕ್ಷರ ಇರೋದಿಲ್ಲ. ತಾಯಿಗೆ ಓದಲು ಬಾರದ ಭಾಷೆಯಲ್ಲಿ ತಾಯಿ ಹ್ಯಾಂಗ ಕಲಿಸಬೇಕು? ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ಶ್ರಮಪಟ್ಟರು. ಕಿಟ್ಟೆಲ್ ಮಾಡಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪರದೇಶದವರು ನಮ್ಮ ಭಾಷೆಗೆ ಇಷ್ಟು ಬೆಲೆ ಕೊಟ್ಟರು, ನಾವೇ ಅದನ್ನು ಮನೆಯ ಪಾಠದಿಂದ ಹೊರಗಿಡುವುದು ಯಾವ ನ್ಯಾಯ? ಇಂಗ್ಲಿಷ್ ಕಲಿಯಲಿ, ಬೇಕೇ ಬೇಕು. ಓದುವ ರುಚಿ ಮಾತ್ರ ತಾಯಿಮಾತಿನಲ್ಲಿ ಹತ್ತಲಿ.

ಪಾಠದ ಸಾಮಾನು ಇಲ್ಲೇ ಎಷ್ಟಿದೆ ನೋಡಿ. ಮಹಮೂದ್ ಗವಾನ್ ಪರ್ಷಿಯಾದಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮಂತ್ರಿಯಾದವನು. ಅವನು 1472ರಲ್ಲಿ ಮುಗಿಸಿದ ಮದರಸಾ ನಮ್ಮ ಪೇಟೆಯ ನಡುವೆ ನಿಂತಿದೆ. ಅದರ ಮುಂಭಾಗ ಅರ್ಧ ಬಿದ್ದದ್ದು ಮದ್ದಿನ ಸ್ಫೋಟದಿಂದ. ಒಂದು ವಿದ್ಯಾಲಯದ ಪಕ್ಕ ಮದ್ದು ಇಟ್ಟರೆ ಏನಾಗುತ್ತದೆ ಅನ್ನುವ ಪಾಠವನ್ನು ಅಲ್ಲೇ ನಿಂತು ಹೇಳಿಕೊಡಬಹುದು. ಬಿದ್ರಿ ಕೆಲಸಗಾರರ ಹತ್ತಿರ ಕರಕೊಂಡು ಹೋಗಿ. ಸತುವು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾಕೆ ಅಂತ ಮಗು ಕೇಳಿದರೆ ರಸಾಯನಶಾಸ್ತ್ರ ಅಲ್ಲೇ ಶುರುವಾಯಿತು. ನೌಬಾದಿನ ಕಾರೇಜು ನೆಲದೊಳಗೆ ನೀರು ಹರಿಸಿದ ಬಗೆ ಭೂಗೋಳ. ಭಾಲ್ಕಿಯವರಿಗೆ ಕಾರಂಜಾ ಡ್ಯಾಮ್ ಇದೆ. ಔರಾದಿನವರಿಗೆ ತೊಗರಿ, ಸೋಯಾ, ಹೆಸರು, ಉದ್ದು ಇದೆ: ಒಂದು ಎಕರೆಗೆ ಬೀಜ ಎಷ್ಟು, ಗೊಬ್ಬರ ಎಷ್ಟು, ಮಾರ್ಕೆಟ್ಟಿನಲ್ಲಿ ತೂಕದಲ್ಲಿ ಹೋದದ್ದು ಎಷ್ಟು, ಕೈಗೆ ಬಂದದ್ದು ಎಷ್ಟು. ಈ ಲೆಕ್ಕ ಕಲಿತ ಹುಡುಗನಿಗೆ ದಲಾಲಿ ಮೋಸ ಮಾಡಲಿಕ್ಕೆ ಆಗೋದಿಲ್ಲ.

ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂಡಿಸಿ ಕಲಿಸಲು ಆಗುತ್ತದಾ ಅನ್ನುವ ಅನುಮಾನ ಬೇಡ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಮಾಡುವುದು ಅದನ್ನೇ: ಒಂದರಿಂದ ಮೂರನೇ ತರಗತಿ ಒಂದೇ ಕೋಣೆ, ಯಾರ ಗತಿ ಎಷ್ಟೋ ಅಷ್ಟು. ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಮಾಸ್ತರುಗಳೇ ತೊಂಬತ್ತರ ದಶಕದಲ್ಲಿ ಶುರುಮಾಡಿದ ಪದ್ಧತಿ ಅದು. ಆ ಶಾಲೆಯ ಟೀಚರ್‌ನ ಹತ್ತಿರ ಹೋಗಿ ಕೇಳಿ, ಹೇಳಿಕೊಡುತ್ತಾರೆ. ಅವರು ನಿಮ್ಮ ವೈರಿ ಅಲ್ಲ.

ಸುಸಾನಾಳ ಕಾಯ್ದೆಗೆ ಬರ್ತೀನಿ ಅಂದಿದ್ದೆ. ಕೆಲವರು ಮಗಳನ್ನು ಏಳನೇ ತರಗತಿಗೆ ಬಿಡಿಸಿ, "ಮನ್ಯಾಗೇ ಕಲಿಸ್ತೀವಿ" ಅನ್ನುತ್ತಾರೆ. ಹೋಗಿ ನೋಡಿದರೆ ಅವಳ ಕೈಯಲ್ಲಿ ರೊಟ್ಟಿ ಹಿಟ್ಟು, ಸೊಂಟದ ಮೇಲೆ ತಮ್ಮ. ಮಗ ಮಾತ್ರ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿರುತ್ತಾನೆ. ಇದಕ್ಕೆ ಮನೆಶಾಲೆ ಅನ್ನಬೇಡಿ, ಸತ್ಯವೇದವನ್ನಂತೂ ಇದರ ನಡುವೆ ಎಳೆಯಲೇಬೇಡಿ. ಹೊಲಕ್ಕೆ ಕೂಲಿಗೆ ಕಳಿಸಲು, ಹದಿನೆಂಟರ ಒಳಗೆ ಮದುವೆ ಕುದುರಿಸಲು ಈ ಹೆಸರು ಅಡ್ಡ ಹಿಡಿಯುವವರು ಕಂಡರೆ ಸಭಾಪಾಲಕರೇ ಮುಂದೆ ನಿಂತು ಆ ಹುಡುಗಿಯನ್ನು ಮರಳಿ ಶಾಲೆಗೆ ಹಚ್ಚಬೇಕು. ಬೆಳಗಿನಿಂದ ಸಂಜೆ ತನಕ ಇಬ್ಬರೂ ಕೂಲಿಗೆ ಹೋಗುವ ಮನೆಗೂ ನನ್ನ ಮಾತು ಇದೇ: ಮಗುವನ್ನು ಶಾಲೆಯಿಂದ ಬಿಡಿಸಬೇಡಿ. ಅಲ್ಲಿ ಬಿಸಿಯೂಟ ಇದೆ, ಮೊಟ್ಟೆ ಇದೆ, ಟೀಚರ್ ಇದ್ದಾರೆ. ನಿಮ್ಮ ಮನೆಶಾಲೆ ಸಂಜೆಯ ಒಂದು ತಾಸು. ಅದೂ ಸಣ್ಣದಲ್ಲ.

ಕೊರೊನಾ ಕಾಲ ಇದನ್ನೇ ತೋರಿಸಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೂ ದಿನ ಎಲ್ಲಾ ಮಕ್ಕಳೂ ಮನೆಯಲ್ಲೇ ಇದ್ದರು, ಎಲ್ಲರೂ ಕಲಿಯಲಿಲ್ಲ. ಯಾರ ಪಕ್ಕ ಒಬ್ಬರು ಕೂತರೋ ಅವರು ಕಲಿತರು. ಯಾರ ಪಕ್ಕ ಬರೀ ಮೊಬೈಲ್ ಇತ್ತೋ, ಅಥವಾ ಅದೂ ಇರಲಿಲ್ಲವೋ, ಅವರು ಬರುತ್ತಿದ್ದ ಅಕ್ಷರವನ್ನೂ ಮರೆತರು. ಮನೆಯಲ್ಲಿ ಇದ್ದ ಮಾತ್ರಕ್ಕೆ ಕಲಿಕೆ ಆಗೋದಿಲ್ಲ. ದಿನಾ ಪಕ್ಕ ಕೂಡುವ ಒಬ್ಬ ಮನುಷ್ಯ ಬೇಕು.

ಹಾಗೆ ಕೂಡುವ ತಾಯಿ, ಕೂಡುವ ತಂದೆ ನೀವಾಗಿದ್ದರೆ ನಿಮಗೆ ನಾನು ಹೇಳೋದಿಷ್ಟು: ನಾಚಬೇಡಿ. ನೀವು ಎಸ್ಸೆಸ್ಸೆಲ್ಸಿ ಫೇಲಾಗಿರಬಹುದು. ಮಗುವಿಗೆ ಒಂದು ಪುಟ ಮುಂದೆ ಇದ್ದರೆ ಸಾಕು, ಆ ಪುಟವನ್ನು ರಾತ್ರಿ ಕೂತು ಓದಿಕೊಳ್ಳಿ. ಓದಲೇ ಬಾರದ ಅಜ್ಜಿ ಇದ್ದರೆ ಮಗು ಅವಳಿಗೆ ಓದಿ ಹೇಳಲಿ, ಕೇಳೋಕೆ ಅವಳಿಗಿಂತ ತಾಳ್ಮೆಯವರು ಯಾರೂ ಸಿಗೋದಿಲ್ಲ. ಕೆಲವು ದಿನ ಪಾಠ ಕೆಡುತ್ತದೆ, ಮಗು ಹಟ ಹಿಡಿಯುತ್ತದೆ, ನೀವೇ ಸಿಟ್ಟಿಗೇಳುತ್ತೀರಿ. ಶಾಲೆಯಲ್ಲೂ ಅಂಥ ದಿನಗಳಿರುತ್ತವೆ, ನಮಗೆ ಕಾಣೋದಿಲ್ಲ ಅಷ್ಟೆ. ವರ್ಷಕ್ಕೊಮ್ಮೆ ಮಗುವನ್ನು ಹೊರಗಿನವರೊಬ್ಬರಿಂದ ಪರೀಕ್ಷೆ ಮಾಡಿಸಿ. ಎರಡು ವರ್ಷ ಪ್ರಾಮಾಣಿಕವಾಗಿ ಮಾಡಿಯೂ ಆಗುತ್ತಿಲ್ಲ ಅನಿಸಿದರೆ ಶಾಲೆಗೆ ಕಳಿಸಿ, ಅದರಲ್ಲಿ ಸೋಲೇನಿಲ್ಲ, ವೆಸ್ಲಿಯ ತಾಯಿಯೂ ಕಳಿಸಿದಳು.

ಸಭೆಯ ಹಿರಿಯರಿಗೆ ನನ್ನ ವಿನಂತಿ. ವಾರದ ಆರು ದಿನ ನಮ್ಮ ಚರ್ಚುಗಳಿಗೆ ಬೀಗ ಇರುತ್ತದೆ. ಒಳಗೆ ಬೆಂಚಿದೆ, ಫ್ಯಾನಿದೆ, ನಳದ ನೀರಿದೆ. ಸಭೆಯಲ್ಲಿ ರಿಟೈರ್ ಆದ ಮಾಸ್ತರುಗಳಿದ್ದಾರೆ, ಆಸ್ಪತ್ರೆಯಲ್ಲಿ ದುಡಿದ ಸಿಸ್ಟರ್‌ಗಳಿದ್ದಾರೆ. ಬುಧವಾರ, ಶುಕ್ರವಾರ ಎರಡೆರಡು ತಾಸು ಬಾಗಿಲು ತೆಗೆಯಿರಿ. ಮನೆಯಲ್ಲಿ ಕಲಿಯುವ ಮಕ್ಕಳೂ ಬರಲಿ, ಶಾಲೆ ಮುಗಿಸಿದ ಮಕ್ಕಳೂ ಬರಲಿ, ನಮ್ಮ ಸಭೆಯವರಲ್ಲದ ಓಣಿಯ ಮಕ್ಕಳೂ ಬರಲಿ. ಒಂದು ಕಪಾಟು ಕನ್ನಡ ಪುಸ್ತಕ, ಒಂದು ಕರೆ ಹಲಗೆ, ಲೆಕ್ಕ ಹೇಳಿಕೊಡುವ ಒಬ್ಬರು. ಆ ತಂದೆತಾಯಿಯನ್ನು ಪಕ್ಕಕ್ಕೆ ಕರೆದು "ಹಿಂದಕ ಹೊಂಟೀರಿ" ಅನ್ನುವ ಬದಲು ಕೀಲಿಕೈ ಅವರ ಕೈಯಲ್ಲಿಡಿ. ಆಗಬಹುದಾ ಅಂತ ಮುಂದಿನ ಕಮಿಟಿ ಮೀಟಿಂಗಿನಲ್ಲಿ ಕೇಳಿ. ಯಾರಾದರೂ ಬೇಡ ಅಂದರೆ ಯಾಕೆ ಬೇಡ ಅಂತ ಅಲ್ಲೇ ಬರೆಸಿಕೊಳ್ಳಿ.